ನಾಯಿಗೆ ಪೇಪರ್ ಓದುವ ದೊಡ್ಡಮ್ಮ

ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ, ಪದಗಳೂ ಕಡಿಮೆ, ಕ್ಷಮಿಸಿ. ಆದರೂ ನನ್ನ ದೊಡ್ಡಮ್ಮನ ಬಗ್ಗೆ ಸರಿಯಾಗಿ ಬರೆಯಬೇಕು.

ಅವರು ಹತ್ತೊಂಬತ್ತು ವರ್ಷದಿಂದ ಬೀದಿನಾಯಿಗಳ ಆಶ್ರಯದಲ್ಲಿ ನಾಯಿ ನೋಡಿಕೊಳ್ಳುವ ಕೆಲಸದಲ್ಲಿದ್ದಾರೆ. ಈ ವಾರ ಬಂದ ಕಂದು ನಾಯಿ ಮೂವರನ್ನು ಕಚ್ಚಿತು. ಶನಿವಾರದೊಳಗೆ ಕೊರಳಿಗೆ ಪಟ್ಟಿ ಕಟ್ಟಿಸಿಕೊಳ್ಳದಿದ್ದರೆ ಸೂಜಿ ಚುಚ್ಚಿ ಸಾಯಿಸುವುದೇ ಎಂದರು ಡಾಕ್ಟರು.

ದೊಡ್ಡಮ್ಮ ಬೋನಿನ ಕಂಬಿಗೆ ಬೆನ್ನು ಕೊಟ್ಟು ಕುಳಿತು, ಪೇಪರಿನಲ್ಲಿದ್ದ ಮಂತ್ರಿಯ ಭಾಷಣವನ್ನು ಜೋರಾಗಿ ಓದತೊಡಗಿದರು.

“ಮುಖ ನೋಡಿದ್ರೆ ಅದಕ್ಕೆ ಸಿಟ್ಟು ಬರುತ್ತೆ ಕಣೇ. ನಿಮ್ಮ ದೊಡ್ಡಪ್ಪನೂ ಹಾಗೇ.”

“ಭಾಷಣ ಯಾಕೆ, ದೊಡ್ಡಮ್ಮ?”

“ಊರಿಗೆಲ್ಲ ನಿದ್ದೆ ಬರಿಸುತ್ತಲ್ಲ, ಇದಕ್ಕೇನು ಕೊಂಬಿದ್ಯಾ?”

ಇಂದು, ಗುರುವಾರ, ಓದಿ ಓದಿ ಅವರ ಧ್ವನಿಯೇ ಹೊರಡದಾಯಿತು. ಪೇಪರನ್ನು ನನ್ನ ಕೈಗೆ ತುರುಕಿ, ಕಂಬಿಗೆ ಬೆನ್ನು ಮಾಡಿ ತಮ್ಮ ಜಾಗದಲ್ಲಿ ಕೂರಿಸಿದರು. ತರಗತಿಯಲ್ಲಿ ಎದ್ದು ಓದಲು ನಾಚಿಯೇ ಶಾಲೆ ಬಿಟ್ಟವಳು ನಾನು. ‘ಅಭಿವೃದ್ಧಿ’ ಎಂಬಲ್ಲಿ ನಾಲ್ಕು ಸಲ ತಡವರಿಸಿದೆ. ನಾಯಿ ನಗಲಿಲ್ಲ. ಐದನೆಯ ಸಲಕ್ಕೆ ಕಂಬಿಗಳ ಸಂದಿಯಿಂದ ನನ್ನ ಬೆನ್ನಿಗೆ ಮೂತಿ ಒರಗಿಸಿ ಗೊರಕೆ ಹೊಡೆಯಿತು.

ನಾಳೆ ಹೊಸ ಪೇಪರ್ ತೆಗೆದುಕೊಂಡು ಹೋಗಿ, ಒಂದು ಭಾಷಣ ಪೂರ್ತಿ ಓದಿ, ಅದರ ಕೊರಳಿಗೆ ಪಟ್ಟಿ ಕಟ್ಟುತ್ತೇನೆ.