ಈಶಾನ್ಯದ ಗೋಡೆಯ ತೂತು

ದೂರದೂರಿನ ಹವ್ಯಾಸಿಗಳೊಡನೆ ಮಾತಾಡುವ ಹ್ಯಾಮ್ ರೇಡಿಯೋದ ಲೈಸೆನ್ಸ್ ಕೈಗೆ ಬಂದಮೇಲೆ ಹೆಗ್ಗಡದೇವನಕೋಟೆಯ ನಮ್ಮ ಮನೆಯ ತಾರಸಿಯಲ್ಲಿ ಆಂಟೆನಾ ನಿಲ್ಲಿಸಿದೆ. ಅದರ ಕೇಬಲ್ಲು ಹಜಾರದೊಳಗೆ ಬರಲು ಗೋಡೆಗೆ ಬೆರಳು ತೂರುವಷ್ಟು ತೂತು ಬೇಕಿತ್ತು.

"ಈಸಾನ್ಯದ ಗೋಡೆಗೆ ತೂತು ಕೊರುದ್ರೆ ಮನ್ಗೆ ಒಳ್ಳೇದಾಗಕಿಲ್ಲ ಕಣವ್ವ, ಬುಡು ಅತ್ಲಾಗಿ," ಎಂದರು ಅತ್ತೆ. ನನ್ನ ಗಂಡ ಪೇಪರಿನಿಂದ ತಲೆಯೆತ್ತಲಿಲ್ಲ.

ಕೇಬಲ್ಲನ್ನು ಕಿಟಕಿಯಿಂದಲೇ ತಂದೆ. ಸಂಜೆಯಾದರೆ ಸೊಳ್ಳೆ ಬರುತ್ತದೆಂದು ಅತ್ತೆ ಕಿಟಕಿಯನ್ನು ಒತ್ತಿ ಮುಚ್ಚುತ್ತಿದ್ದರು. ಕಿಟಕಿಯ ಬಾಗಿಲಿಗೆ ಸಿಕ್ಕಿ ಸಿಕ್ಕಿ ಕೇಬಲ್ಲು ನಜ್ಜುಗುಜ್ಜಾಗಿ, ಕೊನೆಗೆ ನನ್ನ ರೇಡಿಯೋ ಬಾಯಿ ಮುಚ್ಚಿಕೊಂಡಿತು.

ಆಮೇಲೆ ಮೈದುನ ಟೀವಿಗೆ ಡಿಶ್ ಹಾಕಿಸಿದ. ಅದೇ ಗೋಡೆಗೆ ಡ್ರಿಲ್ಲು ಇಳಿಯಿತು. ಧೂಳು ಹರಡದಂತೆ ಕೆಳಗೆ ಹಳೇ ಸೀರೆ ಹಾಸಿಕೊಟ್ಟವರು ಅತ್ತೆ. ಆ ತೂತಿನಲ್ಲಿ ಇನ್ನೊಂದು ಕೇಬಲ್ಲಿಗೆ ಜಾಗ ಉಳಿದಿತ್ತು. ಹಲ್ಲಿ ನುಗ್ಗುತ್ತದೆಂದು ಅಲ್ಲಿಗೆ ಸಿಮೆಂಟು ಮೆತ್ತಿದ್ದು ನನ್ನ ಗಂಡ.