ಮತ್ತೊಮ್ಮೆ ಬರೆಸಿದ ಗಣಿತ ಪರೀಕ್ಷೆ

ಚನ್ನಗಿರಿಯ ಹೊರಗೆ ಬಸ್ಸಿಳಿದು ಹತ್ತು ನಿಮಿಷ ನಡೆದರೆ ನಮ್ಮ ಶಾಲೆ. ಸರ್ಕಾರದ್ದೇ, ಆದರೆ ಪ್ರವೇಶ ಪರೀಕ್ಷೆ ಬರೆದು ಆಯ್ಕೆಯಾದ ಮಕ್ಕಳಿಗೆ ಮಾತ್ರ. ಆರನೇ ತರಗತಿಗೆ ಸೇರಿದರೆ ಊಟ, ವಸತಿ, ಪುಸ್ತಕ ಎಲ್ಲ ಅಲ್ಲೇ. ನಾನು ಅಲ್ಲಿ ಗಣಿತ ಹೇಳಿಕೊಡುತ್ತೇನೆ. ಆ ವರ್ಷ ಆರನೆಯವರಿಗೆ ಕ್ಲಾಸ್ ಟೀಚರೂ ನಾನೇ.

ಜೂನ್‌ನಲ್ಲಿ ಹಾಜರಿ ಪುಸ್ತಕ ಬರೆಯಬೇಕಿತ್ತು. ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸುವುದು ವಾಡಿಕೆ. ನನಗೆ ಅಂದು ಸೊಂಟನೋವು, ಬೇಗ ಮುಗಿದರೆ ಸಾಕಾಗಿತ್ತು. ಮೇಲಿನಿಂದ ಬಂದ ಆಯ್ಕೆ ಪಟ್ಟಿಯನ್ನೇ ಪಕ್ಕಕ್ಕಿಟ್ಟುಕೊಂಡು ಐವತ್ತು ಹೆಸರನ್ನೂ ಇದ್ದ ಹಾಗೇ ಇಳಿಸಿಬಿಟ್ಟೆ. ಆ ಪಟ್ಟಿ ಇದ್ದದ್ದು ಸೀಟು ಹಂಚಿದ ಕ್ರಮದಲ್ಲಿ: ಮೊದಲು ಸಾಮಾನ್ಯ, ಆಮೇಲೆ ಹಿಂದುಳಿದ ವರ್ಗಗಳು, ಕೊನೆಗೆ ಪರಿಶಿಷ್ಟರು. ಮಕ್ಕಳ ನಂಬರೇ ಅವರ ಜಾತಿ ಹೇಳುವಂತಾಯಿತು. ನಮ್ಮಲ್ಲಿ ಎಲ್ಲಕ್ಕೂ ನಂಬರೇ. ಬೆಂಚಿಗೆ ನಂಬರು, ಊಟದ ತಟ್ಟೆಗೆ ನಂಬರು, ಒಣಹಾಕಿದ ಲಂಗದ ಅಂಚಿಗೂ ನಂಬರು. ತಿಂಗಳೊಪ್ಪತ್ತಿನಲ್ಲಿ ಮಕ್ಕಳಿಗೆ ಇದು ಅರ್ಥವಾಗಿತ್ತು. ನನಗಾಗಲಿಲ್ಲ.

ಮೇಲಿನ ನಂಬರಿನವರು ಹೆಚ್ಚಾಗಿ ಚನ್ನಗಿರಿ, ಹೊನ್ನಾಳಿ ಪೇಟೆಯ ಮಕ್ಕಳು. ಪ್ರವೇಶ ಪರೀಕ್ಷೆಗೆಂದೇ ಒಂದು ವರ್ಷ ಕೋಚಿಂಗಿಗೆ ಹೋಗಿ ಬಂದವರು. ಕೆಳಗಿನ ನಂಬರುಗಳಲ್ಲಿ ಜಗಳೂರು ಕಡೆಯವರು ಜಾಸ್ತಿ. ಊರ ಶಾಲೆಯ ಮೇಷ್ಟ್ರು ಸಂಜೆ ಒಂದು ಗಂಟೆ ಹೆಚ್ಚು ಕೂರಿಸಿಕೊಂಡು ಕಲಿಸಿದ್ದಷ್ಟೇ ಅವರ ಬಂಡವಾಳ. ನಲವತ್ತಾರನೇ ನಂಬರಿನ ಹುಡುಗಿ ಹಾಗೆ ಬಂದವಳು. ಮಾತು ಕಡಿಮೆ. ಪೆನ್ಸಿಲನ್ನು ಬೆರಳಿಗೆ ಸಿಗದಷ್ಟು ಸಣ್ಣದಾಗುವವರೆಗೆ ಚೂಪು ಮಾಡಿ ಬರೆಯುತ್ತಿದ್ದಳು.

ಆಗಸ್ಟಿನಲ್ಲಿ ಮೊದಲ ಕಿರುಪರೀಕ್ಷೆ. ಉತ್ತರ ಪತ್ರಿಕೆ ತಿದ್ದಿ, ನಂಬರಿನ ಪ್ರಕಾರ ಜೋಡಿಸಿಕೊಂಡು ಅಂಕ ಬರೆಯುತ್ತಾ ಹೋದೆ. ಇಪ್ಪತ್ತೆರಡು, ಇಪ್ಪತ್ತು, ಹತ್ತೊಂಬತ್ತು. ಹಾಳೆಯ ಕೆಳಭಾಗಕ್ಕೆ ಬರುವಾಗ ಹನ್ನೊಂದು, ಹತ್ತು, ಒಂಬತ್ತು. ಕೈಗೆ ಅದೇ ರೂಢಿಯಾಗಿತ್ತು. ನಲವತ್ತಾರರ ಎದುರು ಇಪ್ಪತ್ತೈದಕ್ಕೆ ಇಪ್ಪತ್ನಾಲ್ಕು ಬರೆದು ಕೈ ತಡೆದೆ. ಸಾಲು ತಪ್ಪಿತೇನೋ ಎಂದು ಪತ್ರಿಕೆ ತೆಗೆದು ನೋಡಿದೆ. ಅವಳದ್ದೇ. ಮತ್ತೆ ತಿದ್ದಿದೆ, ಸರಿಯಾಗಿಯೇ ಇತ್ತು. ಆಗ ಬಂದ ಯೋಚನೆ, ಯಾರದ್ದು ನೋಡಿ ಬರೆದಳು ಅಂತ. ಪಕ್ಕದಲ್ಲಿ ಕೂತಿದ್ದ ನಲವತ್ತೈದಕ್ಕೆ ಬಂದದ್ದು ಒಂಬತ್ತು. ಅಲ್ಲಿ ನೋಡಿ ಬರೆಯಲು ಏನಿತ್ತು? ಇಪ್ಪತ್ತೆರಡು ವರ್ಷ ಲೆಕ್ಕ ಕಲಿಸಿದವಳಿಗೆ ಆ ಒಂದು ಲೆಕ್ಕ ಹೊಳೆಯಲಿಲ್ಲ.

ಮಾರನೇ ದಿನ ಊಟದ ಬೆಲ್ಲಿನ ಹೊತ್ತಿಗೆ ಅವಳನ್ನು ಸ್ಟಾಫ್ ರೂಮಿಗೆ ಕರೆದು, ಬೇರೆ ಪ್ರಶ್ನೆ ಕೊಟ್ಟು ನನ್ನ ಮೇಜಿನ ತುದಿಯಲ್ಲಿ ಕೂರಿಸಿದೆ. ಯಾಕೆಂದು ಅವಳೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಅರ್ಧ ಗಂಟೆಯಲ್ಲಿ ಮುಗಿಸಿದಳು. ಇಪ್ಪತ್ತೈದಕ್ಕೆ ಇಪ್ಪತ್ತೈದು. "ಜಾಣೆ" ಎಂದು ಬಾಳೆಹಣ್ಣು ಕೈಗಿಟ್ಟು ಕಳಿಸಿದೆ. ನನ್ನ ಮಟ್ಟಿಗೆ ಅಲ್ಲಿಗೆ ಮುಗಿದಿತ್ತು.

ದಸರಾ ರಜೆ ಮುಗಿದರೂ ಅವಳು ಬರಲಿಲ್ಲ. ಒಂದು ವಾರ ಕಾದು, ಅವಳ ಕೋಣೆಯಲ್ಲೇ ಇದ್ದ ನ್ಯಾಮತಿಯ ಹುಡುಗಿಯನ್ನು ಕೇಳಿದೆ.

"ಅವ್ಳು ಬರಲ್ಲ ಅಂದಿದ್ಲು ಮಿಸ್."

"ಯಾಕವ್ವಾ?"

ಹುಡುಗಿ ಕಾಲ ಹೆಬ್ಬೆರಳು ನೋಡುತ್ತಾ ನಿಂತಳು. "ತಟ್ಟೆ ತೊಳೆಯೋ ತಾವ ಎಲ್ಲಾ ಅಂತಿದ್ರು ಮಿಸ್, 'ನಲವತ್ತಾರಕ್ಕೆ ಇಪ್ಪತ್ನಾಕು ಬಂದ್ರೆ ಮಿಸ್ಸೇ ನಂಬಲ್ಲ ಕಣೇ, ಅದ್ಕೇ ಮತ್ತೆ ಬರ್ಸಿದ್ದು' ಅಂತ. ಕೆಳಗಿನ ನಂಬರು ಅಂದ್ರೆ ಏನಂತ ಎಲ್ಲಾರ್ಗೂ ಗೊತ್ತೈತಲ್ಲ ಮಿಸ್."

ಹಾಜರಿ ಪುಸ್ತಕ ತೆರೆದು ನೋಡಿದೆ. ನಾಲ್ಕು ತಿಂಗಳಿಂದ ದಿನವೂ ಕೂಗಿದ ಹೆಸರುಗಳು. ಮೊದಲ ಸಲ ಓದುತ್ತಿರುವವಳ ಹಾಗೆ ಓದಿದೆ.

ಹೆಡ್ಮಾಸ್ಟರ ಬಳಿ ಹೋಗಿ, ನಂಬರು ಬದಲಿಸೋಣ ಸಾರ್, ನನ್ನದೇ ತಪ್ಪು ಎಂದೆ. ಅವರು ಕನ್ನಡಕ ಹಣೆಗೇರಿಸಿದರು. "ನಡು ವರ್ಷದಾಗೆ ಹೆಂಗೆ ಬದಲಾಯ್ಸಾಕೆ ಬರ್ತೈತ್ರೀ ಮೇಡಂ? ಅಂಕ ಎಲ್ಲಾ ಕಂಪ್ಯೂಟರಿಗೆ ಏರ್ಸಿ ಆಗೈತೆ. ಮುಂದಿನ ವರ್ಷ ನೋಡಾನ. ನೀವು ಆ ಹುಡುಗೀನ ಕರ್ಕಂಡು ಬರ್ರಿ. ಚೆನ್ನಾಗಿ ಓದೋ ಮಗು, ಶಾಲೆ ಸರಾಸರಿಗೆ ಬೇಕು. ಈ ತಿಂಗ್ಳು ಬರ್ಲಿಲ್ಲ ಅಂದ್ರೆ ಸೀಟು ವೇಯ್ಟಿಂಗ್ ಲಿಸ್ಟಿನವರಿಗೆ ಹೋಗ್ತೈತೆ."

ಭಾನುವಾರ ದಾವಣಗೆರೆಯಲ್ಲಿ ಬಸ್ಸು ಬದಲಿಸಿ ಜಗಳೂರಿಗೆ, ಅಲ್ಲಿಂದ ಆಟೋದಲ್ಲಿ ಅವಳ ಊರಿಗೆ ಹೋದೆ. ತಾಯಿ ಅಂಗನವಾಡಿಯಲ್ಲಿ ಸಹಾಯಕಿ. ಬುದ್ಧನ ಪಟದ ಕೆಳಗೆ ಚಾಪೆ ಹಾಸಿ, "ಬರ್ರಿ ಮಿಸ್, ಕೂತ್ಕಳ್ರಿ, ದೂರದಿಂದ ಬಂದೀರಿ" ಎಂದು ನೀರು ಕೊಟ್ಟರು. ಹುಡುಗಿ ಒಳಗಿನ ಬಾಗಿಲಲ್ಲಿ ನಿಂತಿದ್ದಳು.

ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಹೇಳಿದೆ. ಅಂಥ ಸೀಟು ಮತ್ತೆ ಸಿಗುವುದಿಲ್ಲ, ಮುಂದಿನ ವರ್ಷ ನಂಬರು ಬದಲಾಗುತ್ತದೆ, ಮಕ್ಕಳಿಗೆ ಬುದ್ಧಿ ಹೇಳುತ್ತೇನೆ.

ತಾಯಿ ಪೂರ್ತಿ ಕೇಳಿಸಿಕೊಂಡರು. "ಮಕ್ಕಳು ಅಂದ್ರೆ ಅನ್ಲಿ ಬಿಡ್ರಿ ಮಿಸ್, ಮಕ್ಕಳ ಬಾಯಿ. ಎಲ್ಲಾರ್ಗೂ ಬರ್ಸಿದ್ರೆ ಅದು ಪರೀಕ್ಷೆ. ಇವಳೊಬ್ಬಳಿಗೇ ಬರ್ಸಿದ್ರಲ್ಲ, ಅದಕ್ಕೆ ಏನಂತಾರೆ?"

"ತಪ್ಪಾಯ್ತು ಕಣಮ್ಮಾ" ಎಂದೆ. "ಆದ್ರೆ ಎರಡನೇ ಸಲ ಇನ್ನೂ ಒಂದು ಅಂಕ ಜಾಸ್ತೀನೇ ತಗೊಂಡ್ಳು ನೋಡಿ."

ಬಾಗಿಲಿನಿಂದ ಹುಡುಗಿ ಮಾತಾಡಿದಳು. ಅವಳು ತಾನಾಗಿ ನನ್ನೊಡನೆ ಆಡಿದ ಮಾತು ಅದೊಂದೇ.

"ಮಿಸ್, ಎರಡನೇ ಸಲ ತಪ್ಪು ಮಾಡಿದ್ದಿದ್ರೆ ನೀವು ಯಾವ ಮಾರ್ಕ್ಸು ಬರೀತಿದ್ರಿ?"

ಉತ್ತರ ನನಗೆ ಗೊತ್ತಿತ್ತು. ಅವಳಿಗೂ ಗೊತ್ತಿತ್ತು. ತಾಯಿ ನನ್ನನ್ನೇ ನೋಡುತ್ತಿದ್ದರು. ಆಮೇಲೆ ಎದ್ದು, "ಉಂಡ್ಕಂಡು ಹೋಗ್ರಿ ಮಿಸ್, ಮುದ್ದೆ ಮಾಡೀನಿ. ಟಿಸಿ ಒಂದು ಬರ್ಕೊಡ್ರಿ, ಇಲ್ಲೇ ಊರ ಶಾಲೆಗೆ ಸೇರಿಸ್ತೀವಿ" ಎಂದರು.

ಉಂಡೆ. ಬೇಡ ಎನ್ನುವ ಮುಖ ನನಗಿರಲಿಲ್ಲ.

ಸೋಮವಾರ ಟಿಸಿ ಪುಸ್ತಕ ತೆಗೆದೆ. ಶಾಲೆ ಬಿಡಲು ಕಾರಣ ಎಂಬ ಕಡೆ ಪೆನ್ನು ನಿಂತಿತು. ನಡೆದದ್ದನ್ನು ಅಲ್ಲಿ ಬರೆದರೆ ಹೆಡ್ಮಾಸ್ಟರು ಸಹಿ ಹಾಕುವುದಿಲ್ಲ, ಸಹಿ ಇಲ್ಲದಿದ್ದರೆ ಅವಳಿಗೆ ಆ ಊರ ಶಾಲೆಯೂ ಸಿಗುವುದಿಲ್ಲ. 'ಪೋಷಕರ ಕೋರಿಕೆ' ಎಂದು ಬರೆದು ಸಹಿಗೆ ಕಳಿಸಿದೆ.