ಗುರುಬಸವ್ವನ ಐದು ಪದರಿನ ಆಕಾಶ

ಈಶಪ್ಪ ಮಾಸ್ತರರ ವಿಜ್ಞಾನ ಪಾಠವನ್ನು ಹೊಗಳುವವರು ದಾಂಡೇಲಿಯಲ್ಲಿ ಇನ್ನೂ ಸಿಗುತ್ತಾರೆ. ವಾಯುಮಂಡಲವನ್ನು ಬಟ್ಟೆಯಲ್ಲಿ ಮಾಡಿಸಿ ಮಕ್ಕಳ ಕೈಗೇ ಕೊಟ್ಟ ಪುಣ್ಯಾತ್ಮ ಎನ್ನುತ್ತಾರೆ. ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಆ ಬಟ್ಟೆ ಹೊಲಿದವಳ ಪಕ್ಕದ ಮನೆಯಲ್ಲೇ ನಾನಿದ್ದೆ, ಅದೇ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದೆ, ಓಣಿಯವರಿಗೆಲ್ಲ ಅಕ್ಕೋರು. ಆದದ್ದನ್ನು ಕಣ್ಣಾರೆ ಕಂಡೂ ಸುಮ್ಮನಿದ್ದವಳು ನಾನು. ಹಾಗಾಗಿ ಇಲ್ಲಿ ಬೈದರೆ ನನ್ನನ್ನೂ ಸೇರಿಸಿಯೇ ಬೈಯಬೇಕು.

ಅವಳ ಹೆಸರು ಗುರುಬಸವ್ವ, ಈಶಪ್ಪನ ಅಕ್ಕ. ಧಾರವಾಡದ ಕಡೆಯ ಹಳ್ಳಿಯವರು. ತಾಯಿ ತೀರಿಕೊಂಡಾಗ ಇವಳಿಗೆ ಹನ್ನೆರಡು ವರ್ಷ, ಅವನಿಗೆ ಮೂರು. ಶಾಲೆಯ ಮೆಟ್ಟಿಲು ಹತ್ತದೆ ತಮ್ಮನನ್ನು ಸಾಕಿದಳು. ಮದುವೆಯಾಗಿ, ಕಾಗದದ ಕಾರ್ಖಾನೆಯಲ್ಲಿ ಕೆಲಸ ಸಿಕ್ಕ ಗಂಡ ಗೂಳಪ್ಪನ ಜೊತೆ ದಾಂಡೇಲಿಗೆ ಬಂದ ಮೇಲೂ ಅವನನ್ನು ಬಿಡಲಿಲ್ಲ. ಕಾರ್ಖಾನೆಯ ಸಾಲುಮನೆಗಳವರ ಹಳೆಯ ಸೀರೆ ಧೋತರ ಒಟ್ಟುಮಾಡಿ ಕೌದಿ ಹೊಲಿದುಕೊಟ್ಟು ಧಾರವಾಡದಲ್ಲಿ ಅವನ ಓದು ಮುಗಿಸಿದಳು. ಅಲ್ಲಿನ ರೂಮಿಗೆ ವಾರಕ್ಕೆರಡು ಸಲ ಬಸ್ಸಿನ ಮೇಲೆ ರೊಟ್ಟಿಯ ಬುತ್ತಿ ತಪ್ಪದೆ ಹೋಗುತ್ತಿತ್ತು. ಅವನು ಮಾಸ್ತರನಾಗಿ ನಮ್ಮ ಶಾಲೆಗೇ ಬಂದ ದಿನ ಓಣಿಗೆಲ್ಲ ಸಕ್ಕರೆ ಹಂಚಿದಳು.

ಅರವತ್ತಮೂರನೆಯ ಇಸವಿ ಇರಬೇಕು. ಹಳಿಯಾಳದಲ್ಲಿ ತಾಲೂಕಿನ ಶಾಲೆಗಳ ವಿಜ್ಞಾನ ಪ್ರದರ್ಶನ ಎಂದು ಗೊತ್ತಾಯಿತು. ಒಂದು ಸಂಜೆ ಈಶಪ್ಪ ಅಕ್ಕನ ಮನೆಯ ಕಟ್ಟೆಯ ಮೇಲೆ ಕೂತು, ವಾಯುಮಂಡಲದ ಪಾಠ ಮಕ್ಕಳ ತಲೆಗೆ ಹೋಗುತ್ತಿಲ್ಲವೆಂದು ಗೊಣಗುತ್ತಿದ್ದ. ಭೂಮಿಯು ಗಾಳಿಯ ಹೊದಿಕೆಯನ್ನು ಹೊದ್ದಿದೆ ಎಂದು ಪುಸ್ತಕದ ಸಾಲನ್ನು ಓದಿದ. ಒಳಗೆ ಸೂಜಿ ಹಿಡಿದಿದ್ದ ಗುರುಬಸವ್ವ ತಲೆಯೆತ್ತಿದಳು.

"ಎಷ್ಟು ಪದರಿಂದೋ ಆ ಹೊದಿಕಿ?" ಎಂದಳು.

ಐದು ಎಂದ. ಯಾವುದು ದಪ್ಪ, ಯಾವುದು ತೆಳು, ಯಾವುದು ಬೆಚ್ಚಗೆ, ಯಾವುದು ತಣ್ಣಗೆ ಎಂದು ಒಂದೊಂದೇ ಕೇಳಿದಳು. ಅವನಿಗೆ ಅದು ಪಾಠ, ಅವಳಿಗೆ ಹೊಲಿಗೆಯ ಅಳತೆ. ಐದು ವಾರ ಕಳೆಯುವಷ್ಟರಲ್ಲಿ ಆಕಾಶ ಸಿದ್ಧವಾಯಿತು. ಐದೂ ಪದರನ್ನು ಒಂದೇ ಬದಿಯಲ್ಲಿ ಹೊಲಿದು, ಪುಸ್ತಕದ ಹಾಳೆಯ ಹಾಗೆ ಎತ್ತಿ ನೋಡುವಂತೆ ಮಾಡಿದ್ದಳು.

ತಳದ್ದು ಪರಿವರ್ತನ ಮಂಡಲ. ನಮ್ಮ ಸೀಮೆಯಲ್ಲಿ ಹತ್ತು ಮೈಲು ಎತ್ತರದವರೆಗೆ ಇರುವುದು ಅದೇ. ಗಾಳಿಯ ಮುಕ್ಕಾಲು ಪಾಲಿಗಿಂತ ಹೆಚ್ಚು ಇಲ್ಲೇ ಒತ್ತಿಕೊಂಡಿದೆ ಎಂದು ತಮ್ಮ ಹೇಳಿದ್ದಕ್ಕೆ, ಕಾರ್ಖಾನೆಯ ಯಂತ್ರದಲ್ಲಿ ಹಸಿ ಕಾಗದ ಹೊತ್ತು ಸವೆದ ಉಣ್ಣೆಯ ದಪ್ಪ ಪಟ್ಟಿಯನ್ನು ಗೂಳಪ್ಪನಿಂದ ತರಿಸಿ ಹಾಕಿದಳು. ಮೋಡ, ಮಳೆ, ಸಿಡಿಲು ಎಲ್ಲ ಈ ಪದರಿನದೇ, ಅಣಶಿ ಘಟ್ಟದಲ್ಲಿ ಸುರಿಯುವುದೂ ಇಲ್ಲಿಂದಲೇ. ಮೇಲೆ ಹೋದಷ್ಟೂ ಸೂರ್ಯ ಹತ್ತಿರ, ಹಾಗಿದ್ದೂ ಚಳಿ ಯಾಕೆ ಎಂದು ಮಕ್ಕಳು ಕೇಳುತ್ತಾರಲ್ಲ, ಅದಕ್ಕೂ ಅವಳ ಬಳಿ ಉತ್ತರವಿತ್ತು. ಬಿಸಿಲು ಮೊದಲು ಕಾಯಿಸುವುದು ನೆಲವನ್ನು, ಗಾಳಿಯನ್ನು ಕಾಯಿಸುವುದು ಆ ನೆಲ. ಕಾದ ರೊಟ್ಟಿಹಂಚಿನಿಂದ ಕೈ ಮೇಲೆತ್ತಿದಷ್ಟೂ ಝಳ ಕಡಿಮೆ.

ಎರಡನೆಯದು ಸಮೋಷ್ಣ ಮಂಡಲ. ಇಲ್ಲಿಯ ಓಜೋನು ಬಿಸಿಲಿನ ಕೆಟ್ಟ ಕಿರಣಗಳನ್ನು ಸೋಸುತ್ತದೆ, ಅದಕ್ಕಾಗಿಯೇ ಮೇಲೇರಿದಂತೆ ಮತ್ತೆ ಬೆಚ್ಚಗಾಗುತ್ತದೆ. ಅವಳು ಹಿಟ್ಟು ಸೋಸುವ ತೆಳುಬಟ್ಟೆ ಹಾಕಿದಳು. ಮೂರನೆಯ ಮಧ್ಯಂತರ ಮಂಡಲ ಎಲ್ಲಕ್ಕಿಂತ ತಣ್ಣಗೆ, ಉಲ್ಕೆಗಳು ಉರಿದುಹೋಗುವ ಜಾಗ. ಕಪ್ಪು ಇಳಕಲ್ ಸೀರೆಯ ಚೂರಿನ ಮೇಲೆ ಹಳದಿ ದಾರದ ಗೀಟು ಎಳೆದಳು. ನಾಲ್ಕನೆಯ ಉಷ್ಣತಾ ಮಂಡಲ ಸಾವಿರ ಡಿಗ್ರಿ ದಾಟಿ ಕಾದರೂ ಅಲ್ಲಿ ಹೋದವರಿಗೆ ಆ ಕಾವು ತಟ್ಟುವುದಿಲ್ಲವಂತೆ, ಗಾಳಿ ಅಷ್ಟು ವಿರಳ. ಇದನ್ನು ತಿಳಿಸಲು ಈಶಪ್ಪ ತಿಣುಕಾಡುತ್ತಿದ್ದಾಗ ಅವಳೇ ದಾರಿ ತೋರಿಸಿದಳು.

"ಒಲಿ ಕಿಡಿ ಹಂಚಿಗಿಂತ ಕೆಂಪಗ ಕಾದಿರತೈತಿ. ಕೈಮ್ಯಾಲ ಬಿದ್ರ ಚುರ್ ಅಂದು ಆರಿಹೊಕ್ಕೈತಿ. ಕಾವು ಭಾಳ ಇದ್ರೂ ಅದು ಇರೂದ ಒಂದ ಚೂರು."

ಐದನೆಯ ಬಾಹ್ಯ ಮಂಡಲಕ್ಕೆ ಅಂಚೇ ಇಲ್ಲ, ಎಲ್ಲಿ ಮುಗಿಯಿತೆಂದು ತಿಳಿಯದ ಹಾಗೆ ಕರಗಿಹೋಗುತ್ತದೆ ಎಂದು ಕೇಳಿ, ಜಾಳಾದ ಧೋತರ ಹಾಕಿ ಅಂಚು ಮಡಿಸದೆ ಬಿಟ್ಟಳು. ಅಂಚು ಕಟ್ಟದ ಹೊಲಿಗೆ ಅವಳ ಕೈಯಿಂದ ಅದೊಂದೇ.

ಕೊನೆಗೆ ಉಣ್ಣೆಯ ಪದರಿನ ಒಂದು ಮೂಲೆ ಮುಚ್ಚುವುದು ಉಳಿಯಿತು. ನಮ್ಮ ಕಡೆ ಮನೆಯವರಿಗೆಂದು ಕೌದಿ ಹೊಲಿದರೆ, ಅದು ಹಸಿದಿರಬಾರದೆಂದು ಕಡೆಯ ಮೂಲೆಯೊಳಗೆ ಒಣರೊಟ್ಟಿಯ ಚೂರಿಟ್ಟು ಮುಚ್ಚುತ್ತಾರೆ. ಕೂಲಿಗೆ ಹೊಲಿದದ್ದಕ್ಕೆ ಇಡುವುದಿಲ್ಲ. ಇದು ತಮ್ಮನ ಕೆಲಸ, ಆದ್ದರಿಂದ ಇಟ್ಟಳು. ಈಶಪ್ಪ ನೋಡಿ ನಕ್ಕ.

"ಯಕ್ಕಾ, ಹಳಿಯಾಳದಾಗ ನೀನ ನಿಂತು ಹೇಳಬೇಕು. ಚೀಟಿ ಮ್ಯಾಲ ನಿನ್ನ ಹೆಸರ ಬರಸ್ತೇನಿ" ಎಂದ.

ಅವಳು ಕೇಳದೆಯೇ ಅವನು ಕೊಟ್ಟ ಮಾತು ಅದು. ಅವಳಿಗೋ ಅದೇ ಧ್ಯಾನವಾಯಿತು. ಮರುದಿನವೇ ನನ್ನ ಮನೆಗೆ ಬಂದು, ತನ್ನ ಹೆಸರು ಬರೆದರೆ ಹೇಗೆ ಕಾಣುತ್ತದೆ ತೋರಿಸಿ ಎಂದಳು. ಪಾಟಿಯ ಮೇಲೆ ಬರೆದುಕೊಟ್ಟೆ. ಹದಿನೈದು ದಿನ ಆ ಅಕ್ಷರಗಳ ಮೇಲೆ ಬೆರಳಾಡಿಸಿದಳು. ರೊಟ್ಟಿ ಬಡಿಯುತ್ತಲೇ ಐದು ಮಂಡಲಗಳ ಹೆಸರು ಒಪ್ಪಿಸುತ್ತಿದ್ದಳು, ಒಂದೂ ತಪ್ಪುತ್ತಿರಲಿಲ್ಲ.

ಪ್ರದರ್ಶನದ ದಿನ ಮದುವೆಯ ಸೀರೆಯುಟ್ಟು ನನ್ನ ಜೊತೆ ಬಸ್ಸಿನಲ್ಲಿ ಬಂದಳು. ಈಶಪ್ಪ ಮುಂಚೆಯೇ ಹೋಗಿದ್ದ. ಮೇಜಿನ ಮೇಲೆ ಅವಳ ಆಕಾಶ ಹರಡಿತ್ತು, ಪಕ್ಕದಲ್ಲಿ ರಟ್ಟಿನ ಚೀಟಿ. ಅವಳು ಬಗ್ಗಿ ನೋಡಿದಳು, ಅಕ್ಷರಗಳ ಮೇಲೆ ಬೆರಳಿಟ್ಟು ಕೊನೆಯವರೆಗೆ ಸರಿಸಿದಳು.

"ಅಕ್ಕೋರ, ನನ್ನ ಹೆಸರ ಎಲ್ಲೈತ್ರಿ?"

ಇರಲಿಲ್ಲ. ಈಶಪ್ಪನ ಹೆಸರು, ಶಾಲೆಯ ಹೆಸರು, ಅಷ್ಟೇ. ನಾನು ಏನಾದರೂ ಹೇಳುವ ಮೊದಲೇ ಪರೀಕ್ಷಕರಾದ ಹಿರಿಯ ಸಾಹೇಬರು ಬಂದರು. ಈಶಪ್ಪ ಪದರೆತ್ತಿ ವಿವರಿಸತೊಡಗಿದ. ಹಂಚಿನ ಝಳ ಹೇಳಿದ, ಒಲೆಯ ಕಿಡಿಯನ್ನೂ ಹೇಳಿದ, ಎಲ್ಲ ತನಗೇ ಹೊಳೆದದ್ದೆಂಬಂತೆ. ಒಂದು ಸಲವೂ ಈ ಕಡೆ ತಿರುಗಲಿಲ್ಲ. ಸಾಹೇಬರು ತಲೆದೂಗುತ್ತ ಬಟ್ಟೆ ಸವರಿದರು, ಮೂಲೆಯಲ್ಲಿ ಬೆರಳಿಗೆ ಏನೋ ಗಟ್ಟಿ ಹತ್ತಿತು. ಇದೇನು ಎಂದರು. ಹಿಮಾಲಯ ಪರ್ವತ ಸರ್ ಎಂದ, ಆ ರೊಟ್ಟಿಯಿಂದಲೇ ಬೆಳೆದ ಮಹಾನುಭಾವ. ಹೊಲಿದವರು ಯಾರು ಎಂದರು.

"ಕೂಲಿ ಕೊಟ್ಟು ಹೊಲಿಸೀನ್ರಿ. ನಮ್ಮ ಕಾರ್ಖಾನಿ ಲೈನಿನಾಗಿನ ಒಬ್ಬ ಹೆಣ್ಮಗಳು" ಎಂದ ಈಶಪ್ಪ. ಆಮೇಲೆ ನನ್ನತ್ತ ತಿರುಗಿ, "ಹೌದಲ್ರಿ, ಅಕ್ಕೋರ?" ಎಂದ.

ಗುರುಬಸವ್ವ ಒಂದು ಮಾರು ದೂರದಲ್ಲಿ ನಿಂತಿದ್ದಳು. ಸಾಹೇಬರು ನನ್ನ ಮುಖ ನೋಡಿದರು. ನನ್ನ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ನಾನು ಹೂಂ ಎಂದೆ.

ಮಧ್ಯಾಹ್ನ ಮೊದಲ ಬಹುಮಾನ ಎಂದು ಕೂಗಿದರು. ಎಲ್ಲರೂ ಊಟಕ್ಕೆ ಹೋದಾಗ ಅವಳು ಮೇಜಿನ ಬಳಿ ಹೋಗಿ, ಬಳೆಗೆ ಸಿಕ್ಕಿಸಿದ್ದ ಪಿನ್ನಿನಿಂದ ಮೂಲೆಯ ಹೊಲಿಗೆ ಬಿಚ್ಚಿ, ರೊಟ್ಟಿಯ ಚೂರು ತೆಗೆದು ಸೆರಗಿಗೆ ಕಟ್ಟಿಕೊಂಡಳು. ಈಶಪ್ಪ ಗಾಬರಿಯಿಂದ ಓಡಿಬಂದು, ಇದೇನು ಮಾಡುತ್ತಿ ಎಂದು ಕೈ ಹಿಡಿದ.

"ಕೂಲಿಗೆ ಹೊಲಿದದ್ದಕ್ಕ ರೊಟ್ಟಿ ಇಡೂದಿಲ್ಲೋ ತಮ್ಮಾ" ಎಂದಳು. ಅವಳ ದನಿ ಏರಲೂ ಇಲ್ಲ.

ಬಸ್ಸಿನಲ್ಲಿ ನನ್ನ ಪಕ್ಕ ಜಾಗವಿತ್ತು. ಅವಳು ಹಿಂದೆ ಹೋಗಿ ದಾಂಡೇಲಿಯವರೆಗೆ ನಿಂತೇ ಬಂದಳು.

ಜಗಳವೇನೂ ಆಗಲಿಲ್ಲ. ತಮ್ಮ ಮನೆಗೆ ಬಂದರೆ ಉಣಬಡಿಸಿದಳು, ನನಗೂ ಎದುರು ಸಿಕ್ಕರೆ ಊಟ ಆತೇನ್ರಿ ಎನ್ನುತ್ತಿದ್ದಳು. ನಾಲ್ಕು ವರ್ಷದ ಮೇಲೆ ಈಶಪ್ಪನಿಗೆ ಮಗಳು ಹುಟ್ಟಿದಾಗ, ಸೋದರತ್ತೆಯಾಗಿ ತೊಟ್ಟಿಲಿಗೆ ಕೌದಿಯನ್ನೂ ಹೊಲಿದು ತಂದಳು. ಅಂಥ ಚೆಂದದ ಕೌದಿಯನ್ನು ನಾನು ಮತ್ತೆ ಕಂಡಿಲ್ಲ. ಹೆಂಗಸರೆಲ್ಲ ಬಣ್ಣ ನೋಡಿ ಹೊಗಳುತ್ತಿದ್ದರು. ಈಶಪ್ಪ ಮಾತ್ರ ಕೌದಿಯನ್ನು ತೊಡೆಯ ಮೇಲೆ ಹಾಕಿಕೊಂಡು ಒಂದೊಂದೇ ಮೂಲೆ ಒತ್ತಿ ನೋಡಿದ. ಅವನು ಕೆಳಗಿಟ್ಟ ಮೇಲೆ ನಾನೂ ಒತ್ತಿ ನೋಡಿದೆ. ನಾಲ್ಕೂ ಮೆತ್ತಗಿದ್ದವು, ಒಂದರಲ್ಲೂ ರೊಟ್ಟಿ ಇರಲಿಲ್ಲ.